ಜೇಬಿನಲ್ಲಿ ಹತ್ತು ಹುಣಸೆ ಬೀಜ

ನಮ್ಮ ಮನೆಯಲ್ಲಿ ಹುಣಸೆ ಬೀಜಗಳಿಗೆ ಎರಡು ಠಿಕಾಣಿ. ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಮುಖಕ್ಕೆ ಹಚ್ಚುವ ಸ್ನೋದ ಒಂದು ಖಾಲಿ ಡಬ್ಬಿಯಿದೆ. ಅದರಲ್ಲಿ ನಾಲ್ಕು ಬೀಜಗಳಿವೆ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ತೇಯ್ದು ಬೆಳ್ಳಗೆ ಮಾಡಿದ ಅವು ನನ್ನ ಹೆಂಡತಿ ವಿಶಾಲು ಚೌಕಾಬಾರ ಆಡುವಾಗ ಉರುಳಿಸುವ ದಾಳಗಳು. ಇನ್ನು ಹತ್ತು ಬೀಜಗಳು ನನ್ನ ಪ್ಯಾಂಟಿನ ಬಲಜೇಬಿನಲ್ಲಿರುತ್ತವೆ. ಇವು, ಒಂದನ್ನು ಬಿಟ್ಟರೆ, ತೇಯದವು, ಮರ ಕೊಟ್ಟ ಹೊಳಪನ್ನು ಹಾಗೇ ಉಳಿಸಿಕೊಂಡವು. ಬಟ್ಟೆ ಒಗೆಯುವ ದಿನ ನಾನು ಮರೆತರೆ ಅವೂ ಪ್ಯಾಂಟಿನ ಜೊತೆ ಸೋಪಿನ ನೀರಿನಲ್ಲಿ ಮುಳುಗೆದ್ದು, ಒಗೆಯುವ ಕಲ್ಲಿನ ಏಟು ತಿಂದು, ಸಿಪ್ಪೆ ಬಿಟ್ಟುಕೊಂಡು ಊದಿರುತ್ತವೆ. ಅಂಥ ದಿನ ವಿಶಾಲು ಅವನ್ನು ಅಂಗೈಯಲ್ಲಿಟ್ಟುಕೊಂಡು ಬಂದು, ನನ್ನ ಕಾಫಿ ಲೋಟದ ಪಕ್ಕ ಸಾಲಾಗಿ ಇಟ್ಟು ಹೋಗುತ್ತಾಳೆ.

ಬೀಜಕ್ಕೂ ಜೇಬಿಗೂ ಏನು ಸಂಬಂಧ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ವೆ ಇಲಾಖೆಯವನು. ಹಳ್ಳಿಯವರ ಬಾಯಲ್ಲಿ ಅಳತೆಯವನು. ಕಡೂರು ತಾಲ್ಲೂಕಿನ ಬಯಲುಸೀಮೆಯಲ್ಲಿ ಕೆಲಸ ಶುರುಮಾಡಿ, ಆಮೇಲೆ ತರೀಕೆರೆಗೆ ವರ್ಗವಾಗಿ, ಅಜ್ಜಂಪುರದ ಕಪ್ಪು ಮಣ್ಣಿನ ಹೊಲಗಳಲ್ಲಿ ಮೊಣಕಾಲವರೆಗೆ ಧೂಳು ಮೆತ್ತಿಕೊಂಡು ತಿರುಗಿದವನು. ಮೂವತ್ಮೂರು ಅಡಿ ಉದ್ದದ ಸರಪಳಿಯನ್ನು ಎಳೆಸುವ ಮೊದಲು ಹೊಲದ ಅಂಚಿನುದ್ದಕ್ಕೂ ಒಂದು ಸಲ ನಡೆದು ಹೆಜ್ಜೆಯಲ್ಲಿ ಅಂದಾಜು ತೆಗೆಯುವುದು ನನ್ನ ಪದ್ಧತಿ. ನನ್ನ ಹೆಜ್ಜೆ ಎರಡೂವರೆ ಅಡಿ. ನೂರು ಹೆಜ್ಜೆಯಾದೊಡನೆ ಬಲಜೇಬಿನ ಒಂದು ಬೀಜ ಎಡಜೇಬಿಗೆ ಹೋಗುತ್ತದೆ. ಹತ್ತೂ ದಾಟಿದರೆ ಸಾವಿರ. ಸರಪಳಿ ಹೇಳಿದ್ದಕ್ಕೂ ಬೀಜ ಹೇಳಿದ್ದಕ್ಕೂ ತಾಳೆಯಾದರೆ ಮಾತ್ರ ನಾನು ಪುಸ್ತಕ ತೆರೆದು ಪೆನ್ಸಿಲ್ ಹಿಡಿಯುತ್ತೇನೆ.

ಕೆಲಸವು ಹೊಲದಲ್ಲೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅದು ನನ್ನ ಜೊತೆ ಮನೆಗೆ ಬಂತು. ನಮ್ಮ ಮನೆಯ ಬಾಗಿಲಿನಿಂದ ತರೀಕೆರೆ ಬಸ್‌ಸ್ಟ್ಯಾಂಡಿಗೆ ಸಾವಿರದ ನೂರ ನಲವತ್ತು ಹೆಜ್ಜೆ, ಅಲ್ಲಿಂದ ಕಚೇರಿಗೆ ನಾನೂರ ಅರವತ್ತು, ಕಚೇರಿಯಿಂದ ದೋಸೆ ಹೋಟೆಲಿಗೆ ಇನ್ನೂರು ಸಹ ಇಲ್ಲ ಎನ್ನುವುದು ನನಗೆ ನನ್ನ ಮಕ್ಕಳ ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ಗೊತ್ತು. ಮದುವೆಮನೆಗೆ ಹೋದರೆ ಛತ್ರದ ಉದ್ದ ಎಣಿಸುತ್ತೇನೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ದೇವರ ಹೆಸರು ಹಿಂದೆ ಬಿದ್ದು ಸಂಖ್ಯೆ ಮುಂದೆ ಹೋಗುತ್ತದೆ. ಒಂದೇ ಕಡೆ ಕೂರುವುದಂತೂ ನನ್ನಿಂದಾಗದು. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ನನ್ನ ತಾಯಿ ಬೈಯುತ್ತಿದ್ದದ್ದು ಸುಳ್ಳಲ್ಲ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಹಜಾರದ ಆ ಕೊನೆಗೆ ಹೋಗಿ ಬಂದಿದ್ದೇನೆ, ಹದಿನಾಲ್ಕು ಹೆಜ್ಜೆ ಹೋಗಲು, ಹದಿನಾಲ್ಕು ಬರಲು.

ಹವ್ಯಾಸ ಎನ್ನುವುದು ಕೆಲಸದಿಂದ ಬಿಡುಗಡೆ ಕೊಡಬೇಕು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಕಚೇರಿಯ ಟೈಪಿಸ್ಟರು ಸಂಜೆ ಹಾರ್ಮೋನಿಯಂ ನುಡಿಸುತ್ತಾರೆ. ಹಗಲೆಲ್ಲ ಟೈಪ್ ಮಾಡಿದ ಬೆರಳುಗಳು ಸಂಜೆಯೂ ಮನೆಯಲ್ಲಿ ಕೀಲಿಗಳನ್ನೇ ಒತ್ತುತ್ತವಲ್ಲ, ಇದೇನು ಬಿಡುಗಡೆ ಎಂದು ನಾನು ಒಮ್ಮೆ ತಮಾಷೆ ಮಾಡಿ ಅವರ ಮುಖ ಸಣ್ಣದಾಗುವಂತೆ ಮಾಡಿದ್ದುಂಟು. ಹಾಗೆ ಆಡಿಕೊಂಡ ನನ್ನ ಹವ್ಯಾಸವಾದರೂ ಏನು? ಹಳೆಯ ಕ್ಯಾಲೆಂಡರುಗಳ ಹಿಂಬದಿಯ ಬಿಳಿ ಹಾಳೆಗಳನ್ನು ಅಂಟಿಸಿ, ಅದರ ಮೇಲೆ ತರೀಕೆರೆ ಪೇಟೆಯ ನಕ್ಷೆಯನ್ನು ಹೆಜ್ಜೆಯ ಲೆಕ್ಕದಲ್ಲಿ ಬರೆಯುವುದು. ಯಾರೂ ಕೇಳದ, ಯಾವ ಸಾಹೇಬರೂ ರುಜು ಹಾಕದ ನಕ್ಷೆ. ಅಡಿಕೆ ಮಂಡಿಯ ಮೂಲೆ, ತೆಂಗಿನಕಾಯಿ ಗಾಡಿಗಳು ನಿಲ್ಲುವ ಜಾಗ, ಚಪ್ಪಲಿ ಹೊಲಿಯುವವನು ಕೂರುವ ಅರಳಿಮರ, ಎಲ್ಲವೂ ಅದರಲ್ಲಿದ್ದವು. ಭಾನುವಾರದ ನನ್ನ ಸುಖವೆಂದರೆ ನೆಲದ ಮೇಲೆ ಅದನ್ನು ಹರಡಿಕೊಂಡು, ಆ ವಾರ ಎಣಿಸಿದ ಒಂದು ಹೊಸ ಗಲ್ಲಿಯನ್ನು ಮಸಿಯಲ್ಲಿ ಸೇರಿಸುವುದು. ಈಗ ಅನ್ನಿಸುತ್ತದೆ, ನನ್ನದು ಹವ್ಯಾಸವಲ್ಲ, ಕೆಲಸವೇ ಪಂಚೆ ಉಟ್ಟು ಕೂತಿದ್ದದ್ದು.

ವಿಶಾಲುವಿನ ಆಟ ಮಾತ್ರ ನಿಜವಾದ ಆಟ. ಮಧ್ಯಾಹ್ನದ ಊಟದ ಪಾತ್ರೆಗಳು ಬುಟ್ಟಿಯಲ್ಲಿ ಬೋರಲು ಬಿದ್ದ ಮೇಲೆ, ಪಕ್ಕದ ಮನೆಯ ನಂಜಮ್ಮನವರು ಬರುತ್ತಾರೆ. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದ ಇಪ್ಪತ್ತೈದು ಮನೆಗಳು ಏಳುತ್ತವೆ. ಬಳೆಚೂರುಗಳು, ಹುರುಳಿಕಾಳುಗಳು ಕಾಯಿಗಳಾಗಿ ಹೊರಡುತ್ತವೆ. ನನಗೆ ಬೆರಗಾಗುತ್ತಿದ್ದದ್ದು ಆಟವಲ್ಲ, ಆಡುವ ರೀತಿ. ಇಬ್ಬರೂ ಒಂದು ಕ್ಷಣವೂ ಬಾಯಿ ಮುಚ್ಚುವುದಿಲ್ಲ. ಯಾರ ಮನೆಯ ಬಸುರಿಗೆ ಎಷ್ಟು ತಿಂಗಳು, ಯಾರ ಸೊಸೆ ಯಾವ ಮಾತಿಗೆ ಮುನಿಸಿಕೊಂಡಳು, ಈ ಸಲ ಹುಣಸೆಹಣ್ಣು ಯಾಕೆ ನಾರುನಾರು, ಎಲ್ಲ ನಡೆಯುತ್ತಲೇ ಇರುತ್ತದೆ. ಅದರ ನಡುವೆಯೇ ಬೀಜ ಉರುಳುತ್ತದೆ, ಕಾಯಿ ಮೂರು ಮನೆ ದಾಟುತ್ತದೆ, ಎದುರಾಳಿಯ ಕಾಯಿ ಕಡಿದುಬೀಳುತ್ತದೆ, ಒಂದು ಮನೆಯೂ ಹೆಚ್ಚುಕಡಿಮೆ ಆಗುವುದಿಲ್ಲ. ನಾನೋ, ಎಣಿಸುವಾಗ ಯಾರಾದರೂ ಕೆಮ್ಮಿದರೂ ಕಂಗಾಲಾಗುವವನು.

ಅದಕ್ಕೆಂದೇ ನನ್ನದೊಂದು ಸನ್ನೆ ಇತ್ತು. ಎಣಿಕೆ ನಡೆದಿರುವಾಗ ಯಾರಾದರೂ ಮಾತು ತೆಗೆದರೆ ಬಲಗೈಯ ತೋರುಬೆರಳನ್ನು ಮೇಲೆತ್ತುತ್ತಿದ್ದೆ. ಹದಿನೈದು ವರ್ಷ ನನ್ನ ಜೊತೆ ಸರಪಳಿ ಎಳೆದ ಹನುಮಂತಪ್ಪ ಆ ಬೆರಳನ್ನು ಕಂಡರೆ ಬಾಯಿಗೆ ಹಾಕಿಕೊಂಡ ಎಲೆ‌ಅಡಿಕೆಯನ್ನೂ ಅಗಿಯದೆ ನಿಲ್ಲುತ್ತಿದ್ದ. ಹೊಲದ ಒಡೆಯರು ಸುಮ್ಮನಾಗುತ್ತಿದ್ದರು. ಅಳತೆಯವರ ಬೆರಳೆದ್ದರೆ ಸುಮ್ಮನಿರಬೇಕು ಎಂದು ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಎಲ್ಲರೂ ಬಲ್ಲವರೇ. ಮನೆಯಲ್ಲಿ ನನ್ನ ಹೆಣ್ಣುಮಕ್ಕಳಿಬ್ಬರೂ ಅದನ್ನು ಅಣಕಿಸಿ ಆಟವಾಡುವುದನ್ನು ಕಂಡಿದ್ದೇನೆ. ಆಗ ನಗು ಬಂದಿತ್ತು.

ಇನ್ನು ಬೇಸಿಗೆಯ ಮಾತು. ನಿಮಗೆಲ್ಲ ಬೇಸಿಗೆಯೆಂದರೆ ರಜೆ, ಮಾವಿನಹಣ್ಣು, ನೆಂಟರ ಮನೆ. ನಮ್ಮ ಇಲಾಖೆಯವರಿಗೆ ಮಾತ್ರ ಅದು ಸುಗ್ಗಿ. ಪೈರು ಕೊಯ್ದು ನೆಲ ಬೋಳಾಗಿ, ಬದುಗಳು ಕಣ್ಣಿಗೆ ಕಾಣುವಂತಾದಾಗಲೇ ಅಳತೆಯ ಕೆಲಸ ನುಗ್ಗುತ್ತದೆ. ಅದರಲ್ಲೂ ಗೇಣಿ ಮಾಡುತ್ತಿದ್ದವರಿಗೆ ಉಳುವ ಭೂಮಿಯನ್ನು ಬರೆದುಕೊಡುತ್ತಿದ್ದ ಆ ವರ್ಷಗಳಲ್ಲಿ, ಹೊಸ ಗಡಿಕಲ್ಲು ನೆಡಿಸುವುದಕ್ಕೆ ಜನ ನಮ್ಮ ದಾರಿ ಕಾದು ನಿಲ್ಲುತ್ತಿದ್ದರು. ಮಕ್ಕಳಿಗೆ ರಜೆ ಬಿಡುವ ಹೊತ್ತಿಗೆ ಸರಿಯಾಗಿ ನಾನು ಬೆಳಗಿನ ಬಸ್ಸಿಗೆ ಹೊರಟು ಸುಟ್ಟ ಮುಖದಲ್ಲಿ ಮನೆ ಸೇರುತ್ತಿದ್ದೆ.

ವಿಶಾಲು ಸಿಂಗಟಗೆರೆಯವಳು. ತೆಂಗು, ರಾಗಿಹೊಲ, ಕೆರೆಯ ಏರಿ, ಅಷ್ಟೇ ಅವಳು ಕಂಡ ನೆಲ. ಮಳೆ ಬಂದು ತೊಳೆದ ಮಾರನೆಯ ದಿನ ಕೆರೆಯ ಏರಿಯ ಮೇಲೆ ನಿಂತರೆ ಪಡುವಣದಲ್ಲಿ ಬೆಟ್ಟದ ಸಾಲು ನೀಲಿ ಗೀಟಿನ ಹಾಗೆ ಕಾಣುತ್ತಿತ್ತಂತೆ. ಹತ್ತಿರ ಹೋದರೂ ಅದು ನೀಲಿಯಾಗಿಯೇ ಇರುತ್ತದೆಯೋ ಇಲ್ಲವೋ ಎನ್ನುವುದು ಅವಳ ಚಿಕ್ಕಂದಿನ ಪ್ರಶ್ನೆ. ಮದುವೆಯಾಗಿ ತರೀಕೆರೆಗೆ ಬಂದ ಮೇಲೆ ಬೆಟ್ಟ ಎದುರಿಗೇ ಬಂದು ನಿಂತಿತು; ಕೆಮ್ಮಣ್ಣುಗುಂಡಿ ಎಂದು ಬೋರ್ಡು ಹಾಕಿಕೊಂಡ ಬಸ್ಸು ದಿನಾ ನಮ್ಮ ಬೀದಿಯ ತುದಿಯಲ್ಲೇ ತಿರುಗುತ್ತಿತ್ತು. ಎರಡು ಗಂಟೆಯ ದಾರಿಯೂ ಇಲ್ಲ. ಮಕ್ಕಳು ಶಾಲೆಗೆ ಸೇರಿದ ಮೇಲಿನ ಮೊದಲನೆಯ ಬೇಸಿಗೆಯಲ್ಲಿ ಕೇಳಿದಳು. ಆಗಲಿ ಎಂದೆ, ಕೆಲಸ ಬಂತು. ಎರಡನೆಯ ಬೇಸಿಗೆಯಲ್ಲಿ ಬುತ್ತಿಗೆಂದು ಕಲಸಿದ ಪುಳಿಯೋಗರೆಯನ್ನು ನಾವು ಮನೆಯಲ್ಲೇ ಕೂತು ತಿಂದೆವು. ಮೂರನೆಯದರಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆವು; ಅಲ್ಲಿ ಕಚೇರಿಯ ಜವಾನ ಸಿಕ್ಕಿ, ಸಾಹೇಬರು ಜೀಪಿನಲ್ಲಿ ಕಾಯುತ್ತಿದ್ದಾರೆಂದ. ನಾಲ್ಕನೆಯದು ಹೇಗೆ ಕೈತಪ್ಪಿತೋ ಈಗ ನೆನಪಿಲ್ಲ. ಅವಳನ್ನು ಕೇಳಿದರೆ ಹೇಳಿಯಾಳು.

ಐದನೆಯ ಬೇಸಿಗೆಯಲ್ಲಿ ಅವಳು ಕೇಳಿದ ಧಾಟಿಯೇ ಬೇರೆ. ಹೊಸ ಹುಣಸೆಹಣ್ಣನ್ನು ಕುಟ್ಟಿ ಬೀಜ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು: “ನೋಡ್ರೀ, ಈ ಸಲ ಒಂದ್ ಸಲ ಕೇಳ್ತೀನಿ. ಆದ್ರೆ ಆಯ್ತು, ಆಗ್ದಿದ್ರೆ ಇನ್ ಮೇಲೆ ಕೇಳಲ್ಲ.”

“ಕೋಪಾನಾ?” ಎಂದೆ.

“ಕೋಪ ಯಾಕ್ರೀ? ಕೇಳೋದನ್ನ ಬಿಟ್ಬಿಡ್ತೀನಿ, ಅಷ್ಟೆ. ನಿಮಗೂ ನಿರಾಳ.”

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಕೋಪಿಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅತ್ತಿದ್ದರೆ ಪಕ್ಕದಲ್ಲಿ ಕೂರಬಹುದಿತ್ತು. ಕೇಳುವುದನ್ನೇ ಬಿಟ್ಟವರ ಜೊತೆ ಏನು ಮಾಡಬೇಕು? ನಮ್ಮ ಹಿರಿಯರಲ್ಲಿ ಅಂಥ ದಂಪತಿಗಳನ್ನು ನಾನು ಕಂಡಿದ್ದೇನೆ. ಜಗಳವಿಲ್ಲ, ರಂಪವಿಲ್ಲ, ತಟ್ಟೆಗೆ ಅನ್ನ ಬೀಳುತ್ತದೆ, ತಂಬಿಗೆಗೆ ನೀರು ಬರುತ್ತದೆ, ಒಬ್ಬರನ್ನೊಬ್ಬರು ಏನನ್ನೂ ಕೇಳುವುದಿಲ್ಲ. ನೋಡಿದವರು ಎಂಥ ಹೊಂದಾಣಿಕೆ ಎನ್ನುತ್ತಾರೆ. ಆ ಹೊಂದಾಣಿಕೆ ನಮ್ಮ ಮನೆಗೆ ಕಾಲಿಡುವುದು ನನಗೆ ಬೇಕಿರಲಿಲ್ಲ. ಮಾರನೆಯ ದಿನವೇ ರಜೆಯ ಅರ್ಜಿ ಬರೆದೆ. ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿ, ಮೇ ತಿಂಗಳಲ್ಲಿ ಒಂದು ದಿನದ ರಜೆ ಮಂಜೂರು ಮಾಡಿದರು.

ಒಂದು ದಿನದ ಪ್ರವಾಸಕ್ಕೆ ಹತ್ತು ದಿನದ ತಯಾರಿ. ಮಕ್ಕಳನ್ನು ಸಿಂಗಟಗೆರೆಗೆ, ಅವರ ಸೋದರಮಾವನ ಮನೆಗೆ ಕಳಿಸಿದ್ದಾಯಿತು. ಅಲ್ಲಿ ಚಳಿಯಿರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಂಜಮ್ಮನವರ ಸ್ವೆಟರು ನಮ್ಮ ಮನೆಗೆ ಬಂತು. ಮೇ ತಿಂಗಳ ಸೆಕೆಯಲ್ಲಿ ಅದನ್ನೊಮ್ಮೆ ತೊಟ್ಟು ನೋಡಿದ ವಿಶಾಲು ಬೆವರಿ ನೀರಾದಳು. ಪುಳಿಯೋಗರೆಯ ಗೊಜ್ಜು ಮೂರು ದಿನ ಮೊದಲೇ ಕುದ್ದು ಜಾಡಿ ಸೇರಿತು. ಚಪಾತಿಗೆ ಹಿಟ್ಟು, ಚಟ್ನಿಪುಡಿ, ಮೊಸರನ್ನಕ್ಕೆ ಒಗ್ಗರಣೆ, ನೀರಿನ ಹೂಜಿಗೆ ಹೊಸ ಮುಚ್ಚಳ, ವಾಂತಿಯಾದರೆ ಎಂದು ಎರಡು ನಿಂಬೆಹಣ್ಣು, ಹಾಸಲು ಹಳೆಯ ಜಮಖಾನ. ಅವಳು ಒಂದೊಂದನ್ನೇ ಚೀಲಕ್ಕೆ ಇಡುತ್ತಿದ್ದರೆ ನಾನು ಹಜಾರದಲ್ಲಿ ಆಚೆಯಿಂದ ಈಚೆಗೆ ಶತಪಥ ಹಾಕುತ್ತಿದ್ದೆ. ಬಾಗಿಲಲ್ಲಿ ಸೈಕಲ್ ಬೆಲ್ಲಾದರೆ ಜವಾನನೇ ಬಂದನೆಂದು ಎದೆ ಹಾರುತ್ತಿತ್ತು. ಪೋಸ್ಟಿನವನನ್ನು ಕಂಡರೆ ತುರ್ತು ಆದೇಶವೇ ಬಂತೆನ್ನಿಸುತ್ತಿತ್ತು. ಹೋಗಬೇಕೆಂಬ ತವಕ ಎಷ್ಟೋ, ಒಂದು ಇಡೀ ದಿನ ಏನೂ ಅಳೆಯದೆ ಹೇಗೆ ಇರುವುದೆಂಬ ತಳಮಳವೂ ಅಷ್ಟೇ ಇತ್ತು ಎನ್ನುವುದನ್ನು ನಾನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ.

ಯಾಕೆಂದರೆ ಅವಳು ಒಂದೇ ಒಂದು ಷರತ್ತು ಹಾಕಿದ್ದಳು: ಅವತ್ತು ಏನನ್ನೂ ಎಣಿಸಕೂಡದು. ಹೊರಡುವ ಬೆಳಿಗ್ಗೆ ಸ್ನೋ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

“ಇದರಲ್ಲಿ ಹಾಕ್ರೀ.”

“ಏನನ್ನ?”

“ನಿಮ್ ಬೀಜಗಳ್ನ. ಇವತ್ತು ಕಚೇರಿ ಬ್ಯಾಡ. ನನ್ ಜೊತೆ ಬಂದ್ರೆ ನನ್ ಜೊತೆ ಬರ್ಬೇಕು.”

ಹಾಕಿದೆ. ಅವಳ ನಾಲ್ಕು ಬೀಜಗಳ ಮೇಲೆ ನನ್ನ ಹತ್ತು ಬೀಜಗಳು ಟಪಟಪನೆ ಬಿದ್ದವು. ಆದರೆ ಅವಳು ದೇವರಿಗೆ ದೀಪ ಹಚ್ಚಲು ಒಳಗೆ ತಿರುಗಿದಾಗ, ಅಡಿಗೆಮನೆಯ ಮೊರದಲ್ಲಿದ್ದ ಹೊಸ ಬೀಜಗಳ ರಾಶಿಯಿಂದ ಹತ್ತನ್ನು ಎಣಿಸಿ ಜೇಬಿಗಿಳಿಸಿಕೊಂಡೆ. ಎಣಿಸಬೇಕೆಂದಲ್ಲ, ಇರಲಿ ಎಂದು. ಬೀಡಿ ಬಿಟ್ಟವನು ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡ ಹಾಗೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಬಸ್ಸು ಲಿಂಗದಹಳ್ಳಿ ದಾಟಿ ಬೆಟ್ಟದ ಬುಡ ಹಿಡಿದಾಗ ವಿಶಾಲು ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತುಬಿಟ್ಟಳು. ನಿಂಬೆಹಣ್ಣು ಬೇಕಾಗಲಿಲ್ಲ. ಪ್ರತಿ ತಿರುವಿನಲ್ಲೂ ಬೆಟ್ಟ ತನ್ನ ಬಣ್ಣ ಬದಲಿಸಿ ಹಸಿರಾಗುತ್ತಾ, ಕೆಂಪು ಮಣ್ಣಾಗುತ್ತಾ, ಬಂಡೆಯಾಗುತ್ತಾ ಹತ್ತಿರ ಬಂತು. ನಾನು ಬಸ್ಸಿನಲ್ಲಿ ಕೂತಿದ್ದರಿಂದ ಎಣಿಸುವಂಥದ್ದು ಏನೂ ಇರಲಿಲ್ಲ, ತಿರುವುಗಳನ್ನು ಎಣಿಸಿದೆ.

ಬಸ್ಸು ಇಳಿದು ನೆತ್ತಿಯ ಕಡೆಗೆ ಹೋಗುವ ಹಾದಿ ಹಿಡಿದೆವು. ಎಡಕ್ಕೆ ಇಳಿಜಾರು, ಬಲಕ್ಕೆ ಹುಲ್ಲು, ಗಾಳಿ ತಣ್ಣಗಿತ್ತು, ಸ್ವೆಟರಿನ ಚೀಲ ನನ್ನ ಹೆಗಲಲ್ಲಿತ್ತು. ಅವಳು ಮುಂದೆ ಮುಂದೆ ಚಿಕ್ಕ ಹುಡುಗಿಯಂತೆ ಹೆಜ್ಜೆ ಹಾಕುತ್ತಾ, ಹಿಂದಿರುಗಿ ನೋಡಿ ನಗುತ್ತಾ, ಏನೇನೋ ಹೇಳುತ್ತಾ ನಡೆದಳು. ಯಾವಾಗ ಶುರುವಾಯಿತೋ ನನಗೇ ತಿಳಿಯದು. ಕೈ ಜೇಬಿನಲ್ಲಿತ್ತು; ಮೊದಲ ಬೀಜ ಎಡಕ್ಕೆ ಹೋಗಿತ್ತು; ಆಮೇಲೆ ಎರಡು, ಮೂರು, ಆರು. ಏರುದಾರಿಯಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಅದಕ್ಕೆ ಎಷ್ಟು ಕಳೆಯಬೇಕೆಂಬ ಯೋಚನೆಯಲ್ಲಿದ್ದೆ. ಆರುನೂರ ಎಂಬತ್ತನಾಲ್ಕೋ ಐದೋ ಆಗಿರಬೇಕು; ಅವಳು ನಿಂತು, ನನ್ನ ತೋಳು ಮುಟ್ಟಿ, ಏನೋ ಅಂದಳು. ಕೊನೆಯಲ್ಲಿ ಪ್ರಶ್ನೆಯಿತ್ತೆಂದು ಮಾತ್ರ ಅವಳ ದನಿ ಏರಿದ್ದರಿಂದ ಗೊತ್ತಾಯಿತು.

ನನ್ನ ಬೆರಳು ಮೇಲೆದ್ದಿತು.

ನಾನು ಎತ್ತಿದೆ ಎಂದು ಬರೆಯಬೇಕು. ಹದಿನೈದು ವರ್ಷದ ಅಭ್ಯಾಸ ಎತ್ತಿಸಿತು ಎಂದರೂ ಬೆರಳು ನನ್ನದೇ. ಅವಳು ಆ ಬೆರಳನ್ನು ನೋಡಿದಳು; ಆಮೇಲೆ ಇನ್ನೊಂದು ಕೈ ಇದ್ದ ಜೇಬನ್ನು ನೋಡಿದಳು. ತೋಳಿನ ಮೇಲಿನ ಕೈ ತೆಗೆದು, ಸೆರಗನ್ನು ಸೊಂಟಕ್ಕೆ ಬಿಗಿದು ಮುಂದೆ ನಡೆದಳು. ನಾನು ಏಳುನೂರಕ್ಕೆ ಏಳನೆಯ ಬೀಜವನ್ನು ಎಡಜೇಬಿಗೆ ಹಾಕಿ, ಆಮೇಲೆ ಕೇಳಿದೆ: “ಏನೋ ಹೇಳ್ತಿದ್ದೆಯಲ್ಲ?”

“ಏನಿಲ್ಲ ಬಿಡಿ.”

ನೆತ್ತಿಯವರೆಗೆ ಅವಳು ಮತ್ತೆ ಮಾತಾಡಲಿಲ್ಲ. ಅಲ್ಲಿಗೆ ಸಾವಿರದ ಇನ್ನೂರ ಆರು. ಎಂಥ ಖಚಿತ ಸಂಖ್ಯೆ! ಅದನ್ನು ಇಟ್ಟುಕೊಂಡು ನಾನು ಏನು ಮಾಡಬೇಕಿತ್ತು? ಐದು ಬೇಸಿಗೆ ಕಾದು ಒಂದು ದಿನಕ್ಕೆ ಬಂದ ಹೆಂಡತಿಯ ಒಂದು ವಾಕ್ಯ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು, ನನ್ನ ಕೈಯಲ್ಲಿ ಸಾವಿರದ ಇನ್ನೂರ ಆರು ಉಳಿದಿತ್ತು.

ಜಮಖಾನ ಹಾಸಿದೆವು. ಪುಳಿಯೋಗರೆ ಚೆನ್ನಾಗಿತ್ತು; ಚೆನ್ನಾಗಿದೆ ಎಂದೆ; ಇನ್ನಷ್ಟು ಬಡಿಸಿದಳು. ತಟ್ಟೆಗೆ ಅನ್ನ ಬಿತ್ತು, ಲೋಟಕ್ಕೆ ನೀರು ಬಂತು. ನಾನು ಹೆದರಿದ್ದ ಹೊಂದಾಣಿಕೆ ಇಷ್ಟು ಬೇಗ, ಇಂಥ ಎತ್ತರಕ್ಕೆ ಬಂದು ನಮ್ಮ ಜೊತೆ ಊಟಕ್ಕೆ ಕೂತಿದೆ ಅನ್ನಿಸಿ ತುತ್ತನ್ನು ತಟ್ಟೆಗೆ ಇಳಿಸಿದೆ. ಎದ್ದು ಓಡಾಡಬೇಕೆನ್ನಿಸಿತು, ಎದ್ದರೆ ಎಣಿಸುತ್ತೇನೆಂದು ಹೆದರಿ ಕೂತೇ ಇದ್ದೆ. ಅವಳು ಕೈ ತೊಳೆದು ಇಳಿಜಾರಿನ ಅಂಚಿಗೆ ಹೋಗಿ, ನಾವು ಬಂದ ದಿಕ್ಕಿಗೆ, ಕಡೂರಿನ ಬಯಲಿನ ಕಡೆಗೆ ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, “ಇಲ್ಲಿಂದ ನಮ್ಮೂರೂ ನೀಲಿನೇ,” ಎಂದಳು. ಎದ್ದು ಹೋಗಿ ನೋಡಿದೆ. ಹೌದು, ಬೆಟ್ಟ ಹಸಿರಾಗಿತ್ತು, ಸಿಂಗಟಗೆರೆಯ ಕಡೆಯ ಬಯಲೆಲ್ಲ ನೀಲಿಯಾಗಿ ಮಲಗಿತ್ತು.

ನಾಲ್ಕು ಗಂಟೆಯ ಬಸ್ಸಿಗೆಂದು ಇಳಿಯತೊಡಗಿದಾಗ ಸ್ವಲ್ಪ ದೂರದಲ್ಲಿ ಒಂದು ಮೋರಿಯ ಕಟ್ಟೆ ಸಿಕ್ಕಿತು. ನಾನು ನಿಂತು, ಎರಡೂ ಜೇಬಿಗೆ ಕೈ ಹಾಕಿ, ಹತ್ತು ಬೀಜಗಳನ್ನೂ ಆ ಕಟ್ಟೆಯ ಮೇಲೆ ಇಟ್ಟೆ. ಸಾಲಾಗಿಯೇ ಇಟ್ಟೆ, ಅದೂ ಅಭ್ಯಾಸ. ವಿಶಾಲು ನೋಡಿದಳು. ಬೀಜ ಬಿಟ್ಟ ಕೈಗಳಿಗೆ ಏನು ಮಾಡಬೇಕೋ ತೋಚದೆ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ನಡೆದೆ. ಸಂಖ್ಯೆ ಬಾಯಿಗೆ ಬರುತ್ತಿತ್ತು. ಅದನ್ನು ತಡೆಯುವುದಕ್ಕೆ ಏನಾದರೂ ಮಾತಾಡಲೇಬೇಕಾಯಿತು. ಹಾಗಾಗಿ, ಯಾರಿಗೂ ಹೇಳದೆ ಇದ್ದದ್ದನ್ನು ಹೇಳಲು ತೊಡಗಿದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಹಿರೇನಲ್ಲೂರು ಹೋಬಳಿಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಪಾಲು. ಜಗಳವೇನಿಲ್ಲ, ಒಪ್ಪಿಕೊಂಡೇ ಪಾಲಾಗುತ್ತಿದ್ದವರು. ಒಂದೇ ಗಾಡಿಯಲ್ಲಿ ನನ್ನನ್ನು ಕರೆದುಕೊಂಡು ಹೋದರು. ಸರಪಳಿ ಎಳೆಸುತ್ತಿದ್ದೆ. ತಮ್ಮ ಎಳನೀರು ಕೊಚ್ಚಿಕೊಡುತ್ತಾ, ಅವರ ಎತ್ತುಗಳ ವಿಚಾರ ಹೇಳುತ್ತಾ, ನನ್ನನ್ನು ನಗಿಸುತ್ತಾ ಪಕ್ಕದಲ್ಲೇ ಬಂದ. ನಾನೂ ನಕ್ಕೆ. ಎಲ್ಲೋ ಒಂದು ಕಡೆ ಒಂದು ಸರಪಳಿ ಎಣಿಕೆ ತಪ್ಪಿತು. ಕಲ್ಲು ಮೂವತ್ಮೂರು ಅಡಿ ಆಚೆ ಹೋಗಿ ಕೂತಿತು; ಅಣ್ಣ ತನ್ನ ಎತ್ತುಗಳನ್ನು ಕಟ್ಟುತ್ತಿದ್ದ ಹೊಂಗೆಮರ ತಮ್ಮನ ಪಾಲಿಗೆ ಬಿತ್ತು. ತಮ್ಮ ನಗಿಸಿ ನಗಿಸಿ ಅಳತೆಯವರನ್ನು ಬುಟ್ಟಿಗೆ ಹಾಕಿಕೊಂಡ ಎಂದು ಅಣ್ಣನ ಮನೆಯಲ್ಲಿ ಮಾತಾಯಿತು. ಮರುವರ್ಷ ನಾನೇ ಹೋಗಿ ತಪ್ಪು ಒಪ್ಪಿಕೊಂಡು, ಮತ್ತೆ ಅಳೆದು, ಕಲ್ಲು ಕೀಳಿಸಿ ಸರಿಯಾದ ಜಾಗದಲ್ಲಿ ನೆಡಿಸಿದೆ. ಆ ಹೊತ್ತಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕಡೂರಿನ ಸಂತೆಯಲ್ಲಿ ಒಂದೇ ಅಂಗಡಿಯ ಎರಡು ಕಡೆ, ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತದ್ದನ್ನು ನಾನು ಕಂಡಿದ್ದೇನೆ. ಬೀಜಗಳು ನನ್ನ ಜೇಬಿಗೆ ಬಂದದ್ದು ಆಮೇಲೆ. ಬೆರಳೆದ್ದದ್ದೂ ಆಮೇಲೆ.

“ಎಣಿಸುವಾಗ ಮಾತು ಕೇಳಿದರೆ ಯಾರದೋ ಮನೆ ಹಾಳಾಗುತ್ತೆ ಅನ್ನೋ ಭಯ ನನಗೆ,” ಎಂದು ಹೇಳುತ್ತಾ ಪಕ್ಕಕ್ಕೆ ತಿರುಗಿದೆ. “ಅವತ್ತು ನಾನು ನಗದೇ ಇದ್ದಿದ್ದರೆ…”

ವಿಶಾಲು ಬೆರಳೆತ್ತಿದ್ದಳು.

ನನ್ನದೇ ಸನ್ನೆ, ನನ್ನ ಮೂಗಿನ ಮುಂದೆ. ಹನುಮಂತಪ್ಪನ ಹಾಗೆ ನಾನು ಬಾಯಿ ಅರ್ಧ ತೆರೆದುಕೊಂಡು ನಿಂತುಬಿಟ್ಟೆ. ಹದಿನೈದು ವರ್ಷ ಜನ ಹೇಗೆ ನಿಂತಿದ್ದರೆಂದು ಆಗ ಗೊತ್ತಾಯಿತು: ಆಡಬೇಕಾದ ಮಾತು ನಾಲಿಗೆಯ ಮೇಲೆ ಆರಿಹೋಗುತ್ತದೆ, ಕೈಕಾಲು ಯಾರದೋ ಆಗಿಬಿಡುತ್ತವೆ. ಅವಳು ತುಟಿ ಆಡಿಸುತ್ತಾ ಇನ್ನೂ ಹತ್ತು ಹನ್ನೆರಡು ಹೆಜ್ಜೆ ನಡೆದು, ಬಸ್ಸು ನಿಲ್ಲುವ ಬಯಲು ಶುರುವಾಗುವ ಕಡೆ ನಿಂತು, ತಿರುಗಿ ಹೇಳಿದಳು.

“ಸಾವಿರದ ನಾನೂರ ಹದಿನೆಂಟು.”

“ಏನದು?”

“ನೀವು ಬೀಜ ಇಟ್ಟ ಕಟ್ಟೆಯಿಂದ ಇಲ್ಲಿಗೆ. ನನ್ ಹೆಜ್ಜೆ ಚಿಕ್ಕದು, ಬೇಕಾದ್ರೆ ಕಳಕೊಳ್ಳಿ. ಎಣಿಸ್ದೆ ಹೋಗಿದ್ರೆ ಎಷ್ಟಾಯ್ತೋ ಎಷ್ಟಾಯ್ತೋ ಅಂತ ವಾರಗಟ್ಲೆ ನೀವು ಕೂತಲ್ಲಿ ಕೂರ್ತಿರಲಿಲ್ವಲ್ಲ.”

ನನಗೆ ಪಿಚ್ಚೆನಿಸಿತು. ಮೊದಲ ಸಲ ಎದೆ ಬಿಚ್ಚಿ ಹೇಳಿದ ಮಾತೆಲ್ಲ ಅವಳ ಎಣಿಕೆಯಲ್ಲಿ ಕೊಚ್ಚಿಹೋಯಿತೆಂದುಕೊಂಡೆ. “ಹಾಗಾದರೆ ನಾನು ಹೇಳಿದ್ದು ಕೇಳಲಿಲ್ಲ ನೀನು,” ಎಂದೆ.

“ಕೇಳ್ದೆ ಕಣ್ರೀ. ಹೊಂಗೆಮರ ಅಣ್ಣಂದು, ಎಳನೀರು ಕೊಚ್ಚಿದ್ದು ತಮ್ಮ. ಸಂತೇಲಿ ಬೆನ್ನು ತಿರುಗಿಸ್ಕಂಡು ನಿಂತಿದ್ರು.” ಆಮೇಲೆ ಮೆತ್ತಗೆ ಅಂದಳು: “ಪಾಪ, ಅವತ್ತಿಂದ ಹೊತ್ಕಂಡ್ ತಿರುಗ್ತಿದೀರ. ಎಣಿಸೋದು, ಕೇಳೋದು ಎರಡೂ ಒಟ್ಟಿಗೇ ಆಗುತ್ತೆ ಕಣ್ರೀ. ನಾನೂ ನಂಜಮ್ಮನೂ ದಿನಾ ಮಾಡ್ತೀವಿ.”

ನನ್ನ ಮನೆಯ ನೆಲದ ಮೇಲೆ, ಸೀಮೆಸುಣ್ಣದ ಇಪ್ಪತ್ತೈದು ಮನೆಗಳಲ್ಲಿ, ವರ್ಷಗಟ್ಟಲೆ ನಡೆಯುತ್ತಿದ್ದ ಪಾಠವನ್ನು ನಾನು ದಾಟಿಕೊಂಡು ಓಡಾಡಿದ್ದೆ. ಹದಿನಾಲ್ಕು ಹೆಜ್ಜೆ ಹೋಗಲು, ಹದಿನಾಲ್ಕು ಬರಲು.

“ಹತ್ತುವಾಗ ಏನೋ ಕೇಳಿದೆಯಲ್ಲ, ಅದೇನು?” ಎಂದೆ. ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡಿದ್ದ.

“ಮುಂದಿನ್ ಬೇಸಿಗೆಗೆ ಎಲ್ಲಿಗೆ ಹೋಗಣ ಅಂತ ಕೇಳಿದ್ದೆ.”

ಅವಳು ಬಸ್ಸು ಹತ್ತಿದಳು. ನಾನು ಹಿಂದೆಯೇ ಹತ್ತಿ, ಪಕ್ಕದಲ್ಲಿ ಕೂತು, “ಈಗ ಕೇಳು,” ಎಂದೆ. “ಕೇಳಿದ್ದಾಯ್ತಲ್ಲ,” ಎಂದು ಕಿಟಕಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಮುನಿಸಿರಲಿಲ್ಲ. ಅದೇ ನನ್ನನ್ನು ಚುಚ್ಚಿತು. ಈ ಸಲ ಆಗದಿದ್ದರೆ ಇನ್ನು ಕೇಳುವುದಿಲ್ಲ ಎಂದಿದ್ದವಳು ಅರ್ಧ ಬೆಟ್ಟ ಹತ್ತುವುದರೊಳಗೆ, ಸಂತೋಷ ತಡೆಯಲಾರದೆ, ತಾನಾಗಿಯೇ ಮುಂದಿನ ವರ್ಷವನ್ನು ಕೇಳಿದ್ದಳು. ಅದೇ ಮಾತಿಗೆ ನಾನು ಬೆರಳೆತ್ತಿದ್ದೆ. ತರೀಕೆರೆಯವರೆಗೆ ಬಸ್ಸಿನಲ್ಲಿ ಎಷ್ಟು ತಿರುವು ಬಂದವೋ ನನಗೆ ತಿಳಿಯದು.

ಸೋಮವಾರ ಅಜ್ಜಂಪುರದ ಕಡೆ ಕೆಲಸವಿತ್ತು. ಡಬ್ಬಿಯಿಂದ ಬೀಜ ತೆಗೆದುಕೊಳ್ಳಲು ಮನಸ್ಸಾಗದೆ ಬರಿಗೈಯಲ್ಲಿ ಹೊರಟಿದ್ದೆ. ಹೊಲದ ಬದುವಿನ ಮೇಲೆ ನಿಂತು ಅಭ್ಯಾಸಬಲದಿಂದ ಬಲಜೇಬಿಗೆ ಕೈ ಇಳಿಸಿದರೆ ಬೀಜಗಳು ಸಿಕ್ಕವು. ಅಂಗೈಗೆ ಸುರಿದುಕೊಂಡು ಎಣಿಸಿದೆ, ಹತ್ತಿದ್ದವು. ಅವುಗಳಲ್ಲಿ ಒಂಬತ್ತು, ನಾನು ಬೆಟ್ಟದ ಕಟ್ಟೆಯ ಮೇಲೆ ಬಿಟ್ಟುಬಂದ ಹೊಸ ಬೀಜಗಳೇ. ನನ್ನ ಬೆನ್ನ ಹಿಂದೆ ಅವಳು ಆಯ್ದುಕೊಂಡು ಬಂದಿದ್ದಳು. ಹತ್ತನೆಯದರ ಒಂದು ಮಗ್ಗುಲು ಮಾತ್ರ ಕಲ್ಲಿಗೆ ತೇಯ್ದು ಬೆಳ್ಳಗಾಗಿತ್ತು. ಹನುಮಂತಪ್ಪ ಸರಪಳಿ ಹಿಡಿದು ಕಾಯುತ್ತಿದ್ದ. “ಏನ್ ಸಾರ್, ಲೆಕ್ಕ ತಪ್ತಾ?” ಎಂದ. ನಾನು ಬೆರಳೆತ್ತಲಿಲ್ಲ, ಇಲ್ಲ ಕಣಪ್ಪಾ ಎಂದೆ. ಅವನಿಗೆ ಗಾಬರಿಯಾಗಿರಬೇಕು, ದಿನವಿಡೀ ನನ್ನ ಮುಖವನ್ನೇ ನೋಡುತ್ತಿದ್ದ.

ಇದೆಲ್ಲ ಆಗಿ ಆರೇಳು ವರ್ಷಗಳಾದವು. ಒಂಬತ್ತು ಬೀಜಗಳು ಒಗೆತದಲ್ಲಿ ಎಷ್ಟೋ ಸಲ ಹಾಳಾಗಿ ಬದಲಾಗಿವೆ. ಬೆಳ್ಳಗಿನದು ಸವೆದರೆ ಹೊಸದೊಂದು ತಾನೇ ಬಂದು ಸೇರಿಕೊಳ್ಳುತ್ತದೆ. ಈಗಲೂ ಎಣಿಸುತ್ತೇನೆ, ಬಿಟ್ಟೆನೆಂದು ಸುಳ್ಳು ಹೇಳಲಾರೆ. ಕೂತಲ್ಲಿ ಕೂರುವುದೂ ಬಂದಿಲ್ಲ. ಆದರೆ ನಡೆಯುತ್ತಾ ನಡೆಯುತ್ತಾ ಬೆರಳಿಗೆ ಆ ತೇಯ್ದ ಮಗ್ಗುಲು ತಾಗಿದಾಗ, ಪಕ್ಕದಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ಒಮ್ಮೆ ಕಿವಿಗೊಡುತ್ತೇನೆ. ಲೆಕ್ಕ ಇದುವರೆಗೆ ತಪ್ಪಿಲ್ಲ. ವಿಶಾಲು ಆಮೇಲೆ ಯಾವ ಬೇಸಿಗೆಯಲ್ಲೂ ಎಲ್ಲಿಗೆ ಹೋಗೋಣ ಎಂದು ಕೇಳಿಲ್ಲ. ಹುಣಸೆಹಣ್ಣು ಕುಟ್ಟುವ ಕಾಲ ಬಂದಾಗ ನಾನೇ ಅವಳ ಪಕ್ಕದಲ್ಲಿ ಹೋಗಿ ಕೂತು ಕೇಳುತ್ತೇನೆ. ಅವಳು ಕೈಯಲ್ಲಿದ್ದ ಬೀಜಗಳನ್ನು ಎಣಿಸುವುದನ್ನು ನಿಲ್ಲಿಸದೆಯೇ ಉತ್ತರ ಹೇಳುತ್ತಾಳೆ.